ಹಳದಿ ಹದ್ದನ್ನು ಹೊಲಿದವರು

ಒಂದು ತಿಂಗಳ ಹಿಂದೆ ಮಸ್ಕತ್ತಿನ ಸೀಬ್‌ನಲ್ಲಿ, ನಮ್ಮ ಮನೆಯ ಹತ್ತಿರದ ಲಾಂಡ್ರಿಯಲ್ಲಿ ಗಂಡನ ಅಂಗಿಗಳನ್ನು ತೆಗೆದುಕೊಳ್ಳಲು ನಿಂತಿದ್ದೆ. ಒಳಗೆ ಒಬ್ಬರು ದಪ್ಪನೆಯ ಬಿಳಿ ಬಟ್ಟೆಗೆ ನೀರು ಚಿಮುಕಿಸಿ ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರು. ಹಬೆ ಎದ್ದಿತು. ಅದರ ಜೊತೆಗೆ ಬಂದ ವಾಸನೆ ಗಂಜಿಯದ್ದೂ ಅಲ್ಲ, ಸುಟ್ಟ ನೂಲಿನದ್ದೂ ಅಲ್ಲ, ಎರಡರ ನಡುವಿನದು. ನಾನು ಅಂಗಿಗಳನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದೆ. ಬಸ್ ನಿಲ್ದಾಣದ ಕಡೆಗೆ ಹೋಗಿ, ಯಾವ ಬಸ್ಸನ್ನೂ ಹತ್ತದೆ, ಒಂದು ಸುತ್ತು ಹಾಕಿ ಮತ್ತೆ ಅದೇ ಲಾಂಡ್ರಿಯ ಮುಂದೆ ಬಂದು ನಿಂತೆ. ಅಂಗಡಿಯವರು ಏನಂದುಕೊಂಡರೋ, ಅಂಗಿಗಳನ್ನು ಬಾಗಿಲಿಗೇ ತಂದು ಕೊಟ್ಟರು.

ನೀವು ನನ್ನ ಜೊತೆ ಒಂದು ದಿನ ಇದ್ದರೆ ಇದು ಹೊಸದೇನಲ್ಲ ಎನ್ನುತ್ತೀರಿ. ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಸೋಫಾವನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸುತ್ತೇನೆ, ತಿಂಗಳು ಕಳೆದು ಹಿಂದಕ್ಕೆ ತರುತ್ತೇನೆ. ಒಂಬತ್ತು ವರ್ಷದಲ್ಲಿ ನಾವು ಮಸ್ಕತ್ತಿನೊಳಗೇ ರೂವಿಯಿಂದ ಅಲ್ ಖುವೈರ್‌ಗೆ, ಅಲ್ಲಿಂದ ಸೀಬ್‌ಗೆ ಮನೆ ಬದಲಿಸಿದ್ದೇವೆ. ಎರಡು ಸಲವೂ ಕಾರಣ ಹೇಳಿದವಳು ನಾನೇ. ಒಮ್ಮೆ ನೀರಿನ ಒತ್ತಡ ಕಡಿಮೆ ಎಂದೆ, ಇನ್ನೊಮ್ಮೆ ಮಗಳ ಶಾಲೆ ದೂರ ಎಂದೆ. ಮೈಸೂರಿನಲ್ಲಿ ಒಂದೇ ವಠಾರದಲ್ಲಿ ಇಪ್ಪತ್ತನಾಲ್ಕು ವರ್ಷ ಬೆಳೆದವಳಿಗೆ ಈ ತಳಮಳ ಎಲ್ಲಿಂದ ಬಂತು ಎಂದು ನನ್ನ ಗಂಡ ಕೇಳುತ್ತಿರುತ್ತಾರೆ. ಮದುವೆಯಾಗಿ ಮರಳುಗಾಡಿಗೆ ಬಂದದ್ದರಿಂದ ಎಂದು ಹೇಳಿ ನಾನು ಗೆಲ್ಲುತ್ತೇನೆ. ಲಾಂಡ್ರಿಯ ಹಬೆ ಮೂಗಿಗೆ ಹೊಡೆದ ದಿನ ಆ ಉತ್ತರ ನನ್ನ ಕೈಗೆ ಸಿಗಲಿಲ್ಲ. ತಳಮಳ ಎಲ್ಲಿಂದ ಶುರುವಾಯಿತೆಂದು ನನಗೆ ಗೊತ್ತಿತ್ತು. ಅದು ಒಂದು ಬಾವುಟದಿಂದ.

ಒಂಬತ್ತು ವರ್ಷದ ಹಿಂದೆ ನಾನು ರೂವಿಯಲ್ಲಿ ಹಡಗುಗಳಿಗೆ ಸಾಮಾನು ಒದಗಿಸುವ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಗ್ಗ, ಬಣ್ಣ, ಲೈಫ್ ಜಾಕೆಟ್ ಎಲ್ಲ ಬೇರೆಯವರ ಪಾಲು. ಹೊಸಬಳಾದ ನನಗೆ ಸಿಕ್ಕಿದ್ದು ಬಾವುಟ. ಒಂದು ದೇಶದ ಬಂದರಿಗೆ ಹೋಗುವ ಹಡಗು ಆ ದೇಶದ ಬಾವುಟವನ್ನು ಮರ್ಯಾದೆಗೆ ಹಾರಿಸಬೇಕು. ಮಸ್ಕತ್ತಿನಿಂದ ಹೊರಟು ಹತ್ತು ದೇಶದ ಬಂದರು ಮುಟ್ಟುವ ಹಡಗಿಗೆ ಹತ್ತು ಬಾವುಟ ಬೇಕು. ಮೊದಲ ವಾರವೇ ನಾನು ಒಂದು ಸರಕು ಹಡಗಿಗೆ ಹಾಲೆಂಡಿನ ಬದಲು ಲಕ್ಸೆಂಬರ್ಗಿನ ಬಾವುಟ ಕಳಿಸಿದೆ. ಲಕ್ಸೆಂಬರ್ಗಿಗೆ ಸಮುದ್ರವೇ ಇಲ್ಲ ಎಂದು ಕ್ಯಾಪ್ಟನ್ ಫೋನಿನಲ್ಲಿ ಬಹಳ ಸಭ್ಯವಾಗಿ ತಿಳಿಸಿದರು.

ಬಾವುಟ ಹೊಲಿದುಕೊಡುತ್ತಿದ್ದವರು ಉಸ್ಮಾನಾಕ. ಬಂಟ್ವಾಳದ ಕಡೆಯ ಬ್ಯಾರಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಟೈಲರ್ ಅಂಗಡಿ. ಎರಡು ಮೆಷಿನ್, ಒಂದು ಉದ್ದ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು. ಹೊಲಿದ ಬಾವುಟಕ್ಕೆ ನೀರು ಚಿಮುಕಿಸಿ, ಇಸ್ತ್ರಿ ಹಾಕಿ, ಬಿಸಿ ಆರುವವರೆಗೆ ಮಡಚುತ್ತಿರಲಿಲ್ಲ. ಯಾವ ದೇಶದ್ದೇ ಆಗಲಿ, ಅದರ ತುದಿ ನೆಲಕ್ಕೆ ತಾಗಲು ಬಿಡುತ್ತಿರಲಿಲ್ಲ.

"ನಮಗೆ ಎಲ್ಲ ದೇಶವೂ ಒಂದೇ, ಮೇಡಂ," ಎನ್ನುತ್ತಿದ್ದರು. "ಆದ್ರೆ ಈ ಚಂದ್ರ, ನಕ್ಷತ್ರ, ಹಕ್ಕಿ ಎಲ್ಲ ಇಡುವವರಿಗೆ ಒಂದು ಮಾತು ಹೇಳ್ಬೇಕು. ಮೂರು ಪಟ್ಟಿ ಇಟ್ರೆ ಸಾಕಿತ್ತು. ಹೊಲಿಯುವವನ ಕಷ್ಟ ಅವರಿಗೆ ಎಂತ ಗೊತ್ತುಂಟು?"

ಅವರ ಅಂಗಡಿಯ ಕೆಲಸ ಮೆಚ್ಚಿಯೇ ಪೀಟರ್ಸನ್ ಟೀಚರ್ ನಮ್ಮ ಆಫೀಸಿಗೆ ಬಂದದ್ದು. ಎಪ್ಪತ್ತರ ಆಸುಪಾಸಿನ ಕಪ್ಪು ಹೆಂಗಸು, ನೆಟ್ಟಗಿನ ಬೆನ್ನು, ಬೆಳ್ಳಗಿನ ಗುಂಗುರು ಕೂದಲು. ಗಂಡನ ಜೊತೆ ಹಾಯಿದೋಣಿಯಲ್ಲಿ ಲೋಕ ಸುತ್ತುತ್ತಿದ್ದರು. ದೋಣಿಯ ಎಂಜಿನ್ ಕೆಟ್ಟು, ಬಿಡಿಭಾಗಕ್ಕಾಗಿ ಕಾಯುತ್ತ ಮಸ್ಕತ್ತಿನಲ್ಲಿ ಸಿಕ್ಕಿಕೊಂಡಿದ್ದರು. ನಮ್ಮಿಂದ ಕೊಂಡಿದ್ದ ಒಮಾನಿನ ಬಾವುಟವನ್ನು ಕೈಚೀಲದಿಂದ ತೆಗೆದು, ಅದರ ಅಂಚನ್ನು ತಿರುಗಿಸಿ ತೋರಿಸಿ, "ಇದನ್ನು ಹೊಲಿದವರು ಶ್ರದ್ಧೆಯವರು. ಅವರ ಹತ್ತಿರ ನನಗೆ ಇನ್ನೂ ಆರು ಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅವರ ಊರು ಕೆರೀಬಿಯನ್ ಸಮುದ್ರದ ಸೇಂಟ್ ಕ್ರೋಯಿ ಎಂಬ ದ್ವೀಪ. ನಾನು ಆ ಹೆಸರನ್ನು ಅದುವರೆಗೆ ಕೇಳಿರಲಿಲ್ಲ. ಅದೂ ಅದರ ಅಕ್ಕಪಕ್ಕದ ಎರಡು ದ್ವೀಪಗಳೂ ಹಿಂದೆ ಡೆನ್ಮಾರ್ಕಿನ ವಸಾಹತು. ಕಬ್ಬು ಬೆಳೆಯಲು ಆಫ್ರಿಕಾದಿಂದ ಜನರನ್ನು ತಂದು ಗುಲಾಮರಾಗಿ ದುಡಿಸಿಕೊಂಡರು. ಕೊನೆಗೆ ಒಂದು ದಿನ ಡೆನ್ಮಾರ್ಕ್ ಆ ದ್ವೀಪಗಳನ್ನು ಅಮೆರಿಕಕ್ಕೆ ಮಾರಿಬಿಟ್ಟಿತು. ಹಾಗೆ ಕೈ ಬದಲಾಗಿ ನೂರು ವರ್ಷ ತುಂಬುವ ಹೊತ್ತಿಗೆ, ತಾವು ಪಾಠ ಹೇಳಿದ ಶಾಲೆಯ ಸಭಾಂಗಣದಲ್ಲಿ ದ್ವೀಪದ ಮೇಲೆ ಹಾರಿದ ಹಳೆಯ ಬಾವುಟಗಳನ್ನೆಲ್ಲ ಸಾಲಾಗಿ ತೂಗುಹಾಕಬೇಕೆಂದು ಟೀಚರಿಗೆ ಆಸೆ. ಸ್ಪೇನಿನದು, ಹಾಲೆಂಡಿನದು, ಫ್ರಾನ್ಸಿನದು ಊರಲ್ಲೇ ಹೇಗೋ ಹೊಂದಿಕೆಯಾಗಿದ್ದವು. ಉಳಿದ ಆರನ್ನು ತಾವೇ ಇಲ್ಲಿಂದ ವಿಮಾನದಲ್ಲಿ ಒಯ್ಯುವವರಿದ್ದರು. ದೋಣಿಯನ್ನು ಗಂಡ ಕಾಯುತ್ತಾರೆ ಎಂದರು.

"ನನ್ನ ಮುತ್ತಜ್ಜಿ ಒಂದೇ ಅಡುಗೆಮನೆಯಲ್ಲಿ ನಿಂತು ಎರಡು ದೇಶದಲ್ಲಿ ಬಾಳಿದವಳು," ಎಂದರು ಟೀಚರ್. "ಕೋಟೆಯ ಮೇಲಿನ ಕೆಂಪು ಬಾವುಟ ಇಳಿಯಿತು, ಇನ್ನೊಂದು ಏರಿತು. ನೀನು ಈಗ ಯಾವ ದೇಶದವಳು ಎಂದು ಬಹಳ ವರ್ಷ ಅವಳಿಗೆ ಯಾರೂ ಸರಿಯಾಗಿ ಹೇಳಲಿಲ್ಲ."

ಪರ್ಸಿನಲ್ಲಿ ಒಂದು ದೇಶದ ರೆಸಿಡೆಂಟ್ ಕಾರ್ಡು, ಬೀರುವಿನಲ್ಲಿ ಇನ್ನೊಂದು ದೇಶದ ಪಾಸ್‌ಪೋರ್ಟು ಇಟ್ಟುಕೊಂಡಿದ್ದ ನಾನು ತಲೆಯಾಡಿಸಿದೆ. ನಿಮ್ಮವರನ್ನು ಗುಲಾಮರನ್ನಾಗಿ ಮಾಡಿದವರ ಬಾವುಟ ಶಾಲೆಯಲ್ಲಿ ಯಾಕೆ ಬೇಕು ಎಂದು ಕೇಳುವ ಧೈರ್ಯ ಅಂದು ಹೇಗೆ ಬಂತೋ, ಕೇಳಿದೆ.

"ಗೋಡೆಯ ಮೇಲೆ ಇಲ್ಲದಿದ್ದರೆ, ಅದು ನಡೆಯಲೇ ಇಲ್ಲ ಎಂದು ಮಕ್ಕಳು ಅಂದುಕೊಳ್ಳುತ್ತಾರೆ," ಎಂದರು.

ಚಿತ್ರಗಳನ್ನು ಹಿಡಿದು ಉಸ್ಮಾನಾಕನ ಅಂಗಡಿಗೆ ಹೋದೆ. ಮೊದಲನೆಯದು ಡೆನ್ಮಾರ್ಕಿನದು, ಕೆಂಪಿನ ಮೇಲೆ ಬಿಳಿ ಶಿಲುಬೆ. ಎರಡನೆಯದೂ ಡೆನ್ಮಾರ್ಕಿನದೇ, ಆದರೆ ಸರ್ಕಾರದ್ದಾದ್ದರಿಂದ ಅದರ ತುದಿ ಹಕ್ಕಿಯ ಬಾಲದಂತೆ ಕವಲೊಡೆದಿದೆ. ಮೂರನೆಯದು ಅವರಿಗೂ ಮೊದಲು ಸ್ವಲ್ಪ ಕಾಲ ದ್ವೀಪವನ್ನು ಆಳಿದ ಮಾಲ್ಟಾದ ಕ್ರೈಸ್ತ ಯೋಧರದು. ಅದೂ ಕೆಂಪು, ಅದಕ್ಕೂ ಬಿಳಿ ಶಿಲುಬೆ. ನಾಲ್ಕನೆಯದು ಡೆನ್ಮಾರ್ಕಿನ ಜೊತೆ ಜಗಳವಾದಾಗ ಎರಡು ಸಲ ದ್ವೀಪ ಹಿಡಿದು, ಎರಡು ಸಲವೂ ಬಿಟ್ಟುಕೊಟ್ಟ ಇಂಗ್ಲಿಷರದು. ಐದನೆಯದು ನಲವತ್ತೆಂಟೇ ನಕ್ಷತ್ರದ ಹಳೆಯ ಅಮೆರಿಕದ ಬಾವುಟ. ಆರನೆಯದು ಕೈ ಬದಲಾದ ಮೇಲೆ ದ್ವೀಪಗಳು ತಮಗೆಂದು ಮಾಡಿಕೊಂಡದ್ದು: ಬಿಳಿಯ ಮೇಲೆ ಹಳದಿ ಹದ್ದು.

ಉಸ್ಮಾನಾಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ದೇಶ ಮಾರಿದ್ರೆ ಬಾವುಟ ಮಾತ್ರ ಹೋಗುದಾ, ಅಲ್ಲ ಜನರನ್ನೂ ಒಟ್ಟಿಗೆ ಕೊಡುದಾ?"

"ಜನರೂ ಸೇರಿ ಉಸ್ಮಾನಾಕ. ಅವರನ್ನ ಯಾರೂ ಕೇಳಲಿಲ್ಲವಂತೆ."

"ಕೇಳ್ಲಿಕ್ಕಿಲ್ಲ," ಎಂದು ಅವರು ಕತ್ತರಿ ತೆಗೆದುಕೊಂಡರು.

ನಾಲ್ಕು ದಿನದ ನಂತರ ಹೋದರೆ ಡೆನ್ಮಾರ್ಕಿನದು, ಮಾಲ್ಟಾದ್ದು ಎರಡೂ ಒಂದೇ ಥರ ಕಂಡವು. ಮಾಲ್ಟಾದವರ ಶಿಲುಬೆ ನಟ್ಟನಡುವೆ ನಿಲ್ಲುತ್ತದೆ, ಡೆನ್ಮಾರ್ಕಿನದು ಕೋಲಿನ ಕಡೆಗೆ ಸರಿದಿರುತ್ತದೆ. ಉಸ್ಮಾನಾಕ ಎರಡನ್ನೂ ನಡುವೆಯೇ ಹೊಲಿದಿದ್ದರು. ನಾನು ತೋರಿಸಿದಾಗ ಬಿಚ್ಚಲು ಕೂತರು. ಅರ್ಧ ಬಿಚ್ಚಿದ ಮೇಲೆ, "ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅವರು ಕೋಟೆ ಕಟ್ಟಿ ಜಗಳ ಮಾಡಿದ್ರಾ?" ಎಂದರು.

ಐದು ಬಾವುಟ ಹೀಗೆ ಬಿಚ್ಚಿ ಹೊಲಿದು ಮುಗಿದವು. ಹದ್ದು ಮಾತ್ರ ಆಗಲಿಲ್ಲ. ಕಂಪ್ಯೂಟರ್ ಕಸೂತಿಯ ಅಂಗಡಿಯಲ್ಲಿ ಮಾಡಿಸಿದ್ದನ್ನು ಟೀಚರಿಗೆ ತೋರಿಸಿದೆ. ಹದ್ದು ಚಪ್ಪಟೆಯಾಗಿ, ಹೊಟ್ಟೆ ತುಂಬಿದ ಕೋಳಿಯ ಹಾಗೆ ಕೂತಿತ್ತು. ಟೀಚರ್ ಅದರ ತಲೆ ಸವರಿ, "ಒಳ್ಳೆಯ ಹಕ್ಕಿ. ಆದರೆ ನಮ್ಮದಲ್ಲ," ಎಂದರು. ಆಮೇಲೆ ಆ ಬಾವುಟದ ಕಥೆ ಹೇಳಿದರು. ಅಮೆರಿಕದ ಗವರ್ನರು ದ್ವೀಪಕ್ಕೊಂದು ಬಾವುಟ ಬೇಕೆಂದಾಗ ಚಿತ್ರ ಬರೆಯುವ ಒಬ್ಬ ಮನುಷ್ಯ ಕಾಗದದ ಮೇಲೆ ಹದ್ದನ್ನು ಬರೆದ, ಅದನ್ನು ದಪ್ಪ ಹತ್ತಿಬಟ್ಟೆಗೆ ಇಳಿಸಿದ. ಅವನ ಹೆಂಡತಿ ಮತ್ತು ಹೆಂಡತಿಯ ಸಹೋದರಿ ಕೂತು ಕೈಯಿಂದ ಕಸೂತಿ ಹಾಕಿದರು.

"ಗವರ್ನರ ಹೆಸರು ಪುಸ್ತಕದಲ್ಲಿ ತಾನಾಗಿ ಬರುತ್ತದೆ," ಎಂದರು ಟೀಚರ್. "ಆ ಇಬ್ಬರು ಹೆಂಗಸರ ಹೆಸರನ್ನು ನಾನು ನನ್ನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ."

ನಾನು ಹೋಗಿ ಇದನ್ನು ಹೇಳಿದಾಗ ಉಸ್ಮಾನಾಕ ಕತ್ತರಿ ಕೆಳಗಿಟ್ಟರು. ಆಮೇಲೆ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು. "ನಮ್ಮ ಮನೆಯವಳು ಮಾಡ್ತಾಳೆ. ಒಮಾನಿಗಳ ಟೊಪ್ಪಿ ಉಂಟಲ್ಲ, ಕುಮ್ಮಾ, ಅದರ ಸಣ್ಣ ಕಸೂತಿ ಪಕ್ಕದ ಮನೆಯ ಒಂದು ಒಮಾನಿ ಅಜ್ಜಿ ಕಲಿಸಿದ್ದು. ಆದ್ರೆ ಅವಳು ಇರುದು ಫ್ಯಾಮಿಲಿ ವೀಸಾದಲ್ಲಿ. ಕೆಲಸ ಮಾಡುವ ಹಾಗೆ ಇಲ್ಲ. ಹೊರಗೆ ಗೊತ್ತಾದ್ರೆ ನನಗೆ ವೀಸಾ ಕೊಟ್ಟ ಕಫೀಲ್ ನನ್ನನ್ನೂ ಬಿಡುದಿಲ್ಲ, ಖಲಾಸ್. ಇದು ನಿಮ್ಮಲ್ಲೇ ಇರ್ಬೇಕು, ಮೇಡಂ."

ಇರುತ್ತದೆ ಎಂದು ಮಾತು ಕೊಟ್ಟೆ.

ಉಸ್ಮಾನಾಕನ ಹೆಂಡತಿಯ ಹೆಸರು ಖತೀಜಮ್ಮ. ಮನೆ ಅಂಗಡಿಯಿಂದ ಎರಡು ಓಣಿ ಆಚೆ, ಮೂರನೆಯ ಮಹಡಿ. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ಮೊದಲ ದಿನದಿಂದ ಅವರು ನನ್ನನ್ನು ಅಕ್ಕ ಎಂದೇ ಕರೆದರು. ಆಫೀಸು ಮುಗಿಸಿ ಸಂಜೆ ಒಂದು ಗಂಟೆ ಅಲ್ಲಿ ಕೂರುವುದು ನನಗೆ ಅಭ್ಯಾಸವಾಯಿತು. ಕೂರುವುದು ಎಂದರೆ ನಿಜವಾಗಿಯೂ ಕೂರುವುದು. ಆ ಮೂರು ವಾರ ನನ್ನ ಕಾಲು ಎಲ್ಲಿಗೂ ಎಳೆಯಲಿಲ್ಲ. ಅವರು ಕಿಟಕಿಯ ಪಕ್ಕ ಚಾಪೆಯ ಮೇಲೆ ಕೂತು, ಚಿತ್ರವನ್ನು ಗೋಡೆಗೆ ಅಂಟಿಸಿ, ಬಿಳಿ ಬಟ್ಟೆಯನ್ನು ಮಂಡಿಯ ಮೇಲೆ ಹರಡಿಕೊಳ್ಳುತ್ತಿದ್ದರು. ಹಳದಿ ಒಂದೇ ಅಲ್ಲ, ನಾಲ್ಕು ಬಗೆಯ ಹಳದಿ ದಾರ. ಎದೆಯ ಮೇಲೆ ಕೆಂಪು ಬಿಳಿ ಪಟ್ಟೆಗಳ ಗುರಾಣಿ. ಒಂದು ಕಾಲಿನಲ್ಲಿ ಹಸಿರು ರೆಂಬೆ, ಇನ್ನೊಂದರಲ್ಲಿ ಮೂರು ಬಾಣ, ಮೂರು ದ್ವೀಪಕ್ಕೆ ಮೂರು.

ಒಂದು ದಿನ ಸೂಜಿ ನಿಲ್ಲಿಸಿ ಕೇಳಿದರು. "ಅಕ್ಕ, ಈ ಹಕ್ಕಿಗೆ ಕೋಪ ಉಂಟಾ? ಕಣ್ಣು ಹಾಕುವ ಮೊದಲು ನನಗೆ ಗೊತ್ತಾಗ್ಬೇಕು."

ಮರುದಿನ ಟೀಚರನ್ನು ಕೇಳಿದೆ. ಅವರು ನಗಲಿಲ್ಲ. ಯೋಚಿಸಿ, "ಕೋಪ ಬೇಡ, ಎಚ್ಚರ ಇರಲಿ," ಎಂದರು. ಅದನ್ನು ಸಂಜೆ ಖತೀಜಮ್ಮನಿಗೆ ತಲುಪಿಸಿದೆ. "ಹಾಗಾದ್ರೆ ಕಣ್ಣು ಒಂದು ನೂಲು ಮೇಲೆ," ಎಂದು ಹೇಳಿ, ಅದೊಂದು ಕಣ್ಣಿಗೆ ಎರಡು ಸಂಜೆ ತೆಗೆದುಕೊಂಡರು. ಪ್ರಶ್ನೆ ಯಾರದೆಂದು ಟೀಚರಿಗೆ ಗೊತ್ತಿರಲಿಲ್ಲ, ಉತ್ತರ ಕೊಟ್ಟ ಟೀಚರನ್ನು ಖತೀಜಮ್ಮ ನೋಡಿರಲಿಲ್ಲ. ನಡುವೆ ಓಡಾಡುತ್ತಿದ್ದ ನನಗೆ ಮಾತ್ರ ನಾನೇ ಹೊಲಿಯುತ್ತಿರುವ ಹಾಗೆ ಅನ್ನಿಸತೊಡಗಿತು. ಹೈಸ್ಕೂಲಿನ ಹೊಲಿಗೆ ಕ್ಲಾಸಿನಲ್ಲಿ ಕರವಸ್ತ್ರವನ್ನು ನನ್ನ ಲಂಗಕ್ಕೇ ಸೇರಿಸಿ ಹೊಲಿದವಳು ನಾನು. ಆದರೂ ಒಂದು ಸಂಜೆ ಹಟಮಾಡಿ ಒಂದು ಬಾಣದ ಬಾಲಕ್ಕೆ ಆರು ಹೊಲಿಗೆ ಹಾಕಿದೆ. ಮಾರನೆಯ ದಿನ ನೋಡಿದರೆ ಅದು ಬಿಚ್ಚಿ ಹೊಸದಾಗಿತ್ತು. ಖತೀಜಮ್ಮ ಅಂದು ಚಹಾಕ್ಕೆ ಸ್ವಲ್ಪ ಹೆಚ್ಚು ಏಲಕ್ಕಿ ಹಾಕಿ ಕೊಟ್ಟರು.

ಈಗ ಹೇಳಬೇಕಾದದ್ದಕ್ಕೆ ಬಂದೆ. ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ.

ಬಾವುಟಗಳನ್ನು ಒಪ್ಪಿಸುವ ದಿನ ಟೀಚರ್ ಆಫೀಸಿಗೆ ಬಂದರು. ಮ್ಯಾನೇಜರೂ ಬಂದು ನಿಂತರು. ಐದನ್ನು ನೋಡಿ ಟೀಚರ್ ಮೆಚ್ಚಿದರು, ಆರನೆಯದನ್ನು ಬಿಡಿಸಿ ಹದ್ದಿನ ಕಣ್ಣಿನ ಮೇಲೆ ಬೆರಳಾಡಿಸಿದರು. ಹದ್ದು ಎಚ್ಚರವಾಗಿತ್ತು. ಕಣ್ಣೊರೆಸಿಕೊಂಡು ಕೇಳಿದರು: "ಯಾರು ಇದನ್ನು ಮಾಡಿದವರು? ಅವರ ಹೆಸರು ಬರೆದು ಕೆಳಗೆ ಹಾಕಬೇಕು. ನಾನು ಅವರನ್ನು ನೋಡಬೇಕು."

ಮ್ಯಾನೇಜರು ನನ್ನ ಕಡೆ ನೋಡಿದರು. ಉಸ್ಮಾನಾಕನಿಗೆ ಕೊಟ್ಟ ಮಾತು ನೆನಪಾಯಿತು, ನಿಜ. ಹೆಸರು ಹೇಳಲು ಅವರ ಅನುಮತಿ ಇಲ್ಲ ಎನ್ನಬಹುದಿತ್ತು. ಅವರು ಊರಲ್ಲಿಲ್ಲ ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ನಾನೇ," ಎಂದೆ.

ಟೀಚರ್ ನನ್ನನ್ನು ತಬ್ಬಿಕೊಂಡರು. ಬಾವುಟದ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು. ಹೆದರಿಕೆಯಿಂದ ಹೇಳಿದ ಸುಳ್ಳಾದರೆ ಆ ಕ್ಷಣ ನಾಚಿಕೆಯಾಗಬೇಕಿತ್ತು. ನನಗೆ ಸಂತೋಷವಾಯಿತು. ಅಕ್ಷರ ತಪ್ಪಾಗಬಾರದೆಂದು ನಾನೇ ಪೆನ್ನು ಇಸಿದುಕೊಂಡು ತಿದ್ದಿದೆ.

ಮರುದಿನ ಸಂಜೆ ಖತೀಜಮ್ಮ ಬಾಗಿಲು ತೆಗೆದಾಗ ಒಳಗಿನಿಂದ ಗೋಳಿಬಜೆಯ ವಾಸನೆ ಬರುತ್ತಿತ್ತು. ಹೊಸ ದುಪ್ಪಟ್ಟ ಹೊದ್ದಿದ್ದರು. ನನ್ನ ಹಿಂದೆ ಮೆಟ್ಟಿಲ ಕಡೆ ಒಮ್ಮೆ ನೋಡಿದರು.

"ಆ ಟೀಚರ್‌ಗೆ ಇಷ್ಟ ಆಯ್ತಾ ಅಕ್ಕ?"

"ತುಂಬಾ ಇಷ್ಟ ಆಯ್ತು."

"ಹೊಲಿದದ್ದು ಯಾರು ಅಂತ ಕೇಳಿದ್ರಾ?"

"ಇಲ್ಲ," ಎಂದೆ. "ಅದೇನೂ ಕೇಳಲಿಲ್ಲ."

"ಹೌದಾ," ಎಂದರು. ಗೋಳಿಬಜೆ ತಂದಿಟ್ಟರು. ನಾನು ಎರಡು ತಿಂದೆ.

ಕೆಲವು ತಿಂಗಳ ನಂತರ ಆಫೀಸಿನ ವಿಳಾಸಕ್ಕೆ ಒಂದು ಲಕೋಟೆ ಬಂತು. ಶಾಲೆಯ ಸಭಾಂಗಣದ ಫೋಟೋ. ಗೋಡೆಯ ಮೇಲೆ ಬಾವುಟಗಳ ಸಾಲು, ಕೊನೆಯಲ್ಲಿ ಹದ್ದು, ಕೆಳಗೆ ಚೌಕಟ್ಟು ಹಾಕಿದ ಕಾರ್ಡಿನಲ್ಲಿ ನನ್ನ ಹೆಸರು, ಮಸ್ಕತ್, ಒಮಾನ್. ಹಿಂಬದಿಯಲ್ಲಿ ಟೀಚರು ಈಮೇಲ್ ವಿಳಾಸ ಬರೆದಿದ್ದರು. ನಾನು ಅದನ್ನು ಮದುವೆಯ ಆಲ್ಬಮ್ಮಿನ ಹಿಂದೆ ತೂರಿಸಿಟ್ಟೆ. ಅದೇ ವರ್ಷ ದೊಡ್ಡ ಚಂಡಮಾರುತ ಆ ದ್ವೀಪವನ್ನು ಹೊಡೆದು ಹಾಕಿತು. ಸುದ್ದಿಯಲ್ಲಿ ಸೂರಿಲ್ಲದ ಮನೆಗಳನ್ನು ನೋಡಿ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಆ ಕಾರ್ಡೂ ಹಾರಿಹೋಗಿರಬಹುದು ಎಂಬುದು. ಹಾಗೆ ಯೋಚಿಸಿದೆನಲ್ಲ ಎಂಬುದು ಎರಡನೆಯ ಯೋಚನೆ. ಟೀಚರ್ ಹೇಗಿದ್ದೀರಿ ಎಂದು ಒಂದು ಸಾಲು ಬರೆಯಲೂ ಆಗಲಿಲ್ಲ, ಬರೆದರೆ ಏನೆಂದು ಸಹಿ ಹಾಕಲಿ.

ಆಮೇಲೆಯೇ ನಾವು ಮನೆಗಳನ್ನು ಬದಲಿಸಿದ್ದು. ಕಣ್ಣು ಮಂಜಾಗಿ ಉಸ್ಮಾನಾಕ ಅಂಗಡಿ ಮುಚ್ಚಿದರು. ಅವರ ಮಗಳ ಗಂಡನಿಗೆ ಒಳನಾಡಿನ ಇಬ್ರಿ ಪಟ್ಟಣದಲ್ಲಿ ಬಟ್ಟೆ ಅಂಗಡಿ. ಗಂಡಹೆಂಡತಿ ಅಲ್ಲಿಗೆ ಹೋದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಕಸೂತಿ ಹಾಕ್ತಿದ್ದೀರಾ ಎಂದು ಒಮ್ಮೆ ಕೇಳಿದ್ದಕ್ಕೆ ಖತೀಜಮ್ಮ, "ಇಲ್ಲ ಅಕ್ಕ, ಅದೆಲ್ಲ ಬಿಟ್ಟೆ," ಎಂದಿದ್ದರು. ವಯಸ್ಸಾಯಿತು, ಕಣ್ಣಿಗೆ ಕಷ್ಟ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಲಾಂಡ್ರಿಯಿಂದ ಬಂದ ದಿನ ಊಟದ ಮೇಜಿನಲ್ಲಿ ಗಂಡನಿಗೂ ಮಗಳಿಗೂ ಎಲ್ಲವನ್ನೂ ಹೇಳಿದೆ. ರುಸೈಲ್‌ನ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರಗಳ ದೋಷ ಹುಡುಕುವ ನನ್ನ ಗಂಡ ನಿಧಾನವಾಗಿ ಕೇಳಿಸಿಕೊಂಡು, "ಒಂಬತ್ತು ವರ್ಷ ಆಯ್ತಲ್ಲ ಮಾರಾಯ್ತಿ. ಈಗ ಹೇಳಿ ಅವರ ಮನಸ್ಸು ಯಾಕೆ ಕೆಡಿಸ್ತೀಯ?" ಎಂದರು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು ತಟ್ಟೆಯಿಂದ ತಲೆಯೆತ್ತದೆ, "ಜಸ್ಟ್ ಟೆಲ್ ಹರ್, ಅಮ್ಮ," ಎಂದಳು.

ಶುಕ್ರವಾರ ಇಬ್ರಿಗೆ ಹೊರಟೆವು. ಮೂರು ತಾಸಿನ ದಾರಿ. ನಿಜ್ವಾ ದಾಟಿದ ಮೇಲೆ ಎರಡು ಸಲ ಕಾರು ನಿಲ್ಲಿಸಲು ಹೇಳಿದೆ. ಎರಡನೆಯ ಸಲ ಗಂಡ, "ವಾಪಸ್ ಹೋಗೋಣವಾ?" ಎಂದು ಮಾತ್ರ ಕೇಳಿದರು. ಬೇಡ ಎಂದೆ.

ಖತೀಜಮ್ಮ ತೆಳ್ಳಗಾಗಿದ್ದರು. ಉಸ್ಮಾನಾಕ ದಪ್ಪ ಕನ್ನಡಕದೊಳಗಿಂದ ನಕ್ಕು ನನ್ನ ಗಂಡನನ್ನು ಒಳಗೆ ಕೂರಿಸಿಕೊಂಡರು. ಚಹಾ ಬರುವ ಮೊದಲೇ ನಾನು ಫೋಟೋ ತೆಗೆದು ಖತೀಜಮ್ಮನ ಮುಂದಿಟ್ಟೆ. ಚಹಾ ಬಂದರೆ ಹೇಳಲು ಆಗುವುದಿಲ್ಲ ಎಂದು ಗೊತ್ತಿತ್ತು.

ಅವರು ಹದ್ದನ್ನು ಗುರುತು ಹಿಡಿದರು. ಬೆರಳು ಕೆಳಗೆ ಸರಿದು ಕಾರ್ಡಿನ ಮೇಲೆ ನಿಂತಿತು. "ಇಲ್ಲಿ ಎಂತ ಬರೆದದ್ದು?"

ನನ್ನ ಹೆಸರನ್ನು ನಾನೇ ಓದಿ ಹೇಳಿದೆ. ಟೀಚರ್ ಕೇಳಿದ್ದು, ನಾನೇ ಎಂದದ್ದು, ಮರುದಿನ ಕೇಳಲಿಲ್ಲ ಎಂದದ್ದು, ಎಲ್ಲ ಹೇಳಿದೆ. ಉಸ್ಮಾನಾಕ ಒಳಗಿನಿಂದ ಎದ್ದು ಬಂದು ನಿಂತಿದ್ದರು.

"ಹೇಳ್ಬೇಡಿ ಅಂತ ಹೇಳಿದ್ದು ನಾನು," ಎಂದರು ಅವರು. "ಹೆದರಿದ್ದು ನಾನು."

"ನಿಮ್ಮದು ಬೇರೆ, ಮತ್ತೆ ಮಾತಾಡುವ," ಎಂದರು ಖತೀಜಮ್ಮ. ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ. "ಅವರ ಹತ್ರ ಸುಳ್ಳು ಹೇಳಿದ್ದು ಇರ್ಲಿ ಅಕ್ಕ. ವೀಸಾದ ಹೆದರಿಕೆ. ನನ್ನ ಹತ್ರ ಯಾಕೆ ಹೇಳಿದ್ದು? ಇಷ್ಟು ಕೂತು ಮಾಡಿದ್ದು, ಯಾರು ಮಾಡಿದ್ದು ಅಂತ ಒಂದು ಮಾತು ಕೇಳುವಷ್ಟೂ ಚಂದ ಆಗ್ಲಿಲ್ಲ ಅಂತ ನಾನು ಎಣಿಸಿದೆ. ಆ ದಿನದ ಮೇಲೆ ನಾನು ಸೂಜಿ ಹಿಡೀಲಿಲ್ಲ."

ಕಣ್ಣಿಗೆ ಕಷ್ಟ ಆಗಿರಲಿಲ್ಲ. ತಪ್ಪಾಯಿತು ಎಂದೆ; ಎಷ್ಟು ಸಣ್ಣ ಮಾತದು ಎಂದು ಹೇಳುವಾಗಲೇ ಗೊತ್ತಾಯಿತು.

ಅವರು ಫೋಟೋವನ್ನು ಮತ್ತೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಬರೀರಿ. ಈಗ, ನನ್ನ ಎದುರು," ಎಂದರು.

ಉಸ್ಮಾನಾಕ ಏನೋ ಹೇಳಲು ಹೋದರು. "ಆ ಅಂಗಡಿಯೂ ಇಲ್ಲ, ಆ ಕಫೀಲೂ ಇಲ್ಲ," ಎಂದರು ಖತೀಜಮ್ಮ. "ಇನ್ನು ಯಾರಿಗೆ ಹೆದರುದು?"

ಫೋಟೋದ ಹಿಂದಿನ ವಿಳಾಸಕ್ಕೆ ಫೋನಿನಲ್ಲಿ ಬರೆದೆ. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿಸಿ ಕೇಳಿದರು. ನಾನು ಎರಡು ಸಲ ಕ್ಷಮೆ ಕೇಳಿದ್ದಲ್ಲಿ ಒಂದನ್ನು ತೆಗೆಸಿದರು. ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆ ಬೇಡ, ಜನ ಕರೆಯುವ ಹಾಗೆ ಖತೀಜಮ್ಮ ಎಂದೇ ಇರಲಿ ಎಂದರು. ಕಳಿಸಿದ ಮೇಲೆ ಊಟಕ್ಕೆ ಎಬ್ಬಿಸಿದರು. ಊಟದ ಹೊತ್ತಿನಲ್ಲಿ ನನ್ನ ಗಂಡನ ಜೊತೆ ಮಾತಾಡಿದರು, ನನ್ನ ಜೊತೆ ಅಲ್ಲ.

ಹನ್ನೆರಡು ದಿನ ಉತ್ತರ ಬರಲಿಲ್ಲ. ಹದಿಮೂರನೆಯ ದಿನ ಬಂದದ್ದು ಟೀಚರರ ಮಗಳಿಂದ. ಅಮ್ಮ ಎರಡು ವರ್ಷದ ಹಿಂದೆ ತೀರಿಕೊಂಡರು, ಅವರ ಈಮೇಲನ್ನು ಈಗ ಆಗೊಮ್ಮೆ ಈಗೊಮ್ಮೆ ನೋಡುವುದು ನಾನೇ ಎಂದು ಬರೆದಿದ್ದರು. ಚಂಡಮಾರುತದಲ್ಲಿ ಸಭಾಂಗಣದ ಸೂರು ಹೋಯಿತು, ಬಾವುಟಗಳೆಲ್ಲ ಹೋದವು. ಹದ್ದು ಮಾತ್ರ ಉಳಿಯಿತು, ನೆರೆಮನೆಯ ಹೆಂಗಸರಿಗೆ ಹೊಲಿಗೆ ತೋರಿಸಲೆಂದು ಅಮ್ಮ ಅದನ್ನು ಆ ವಾರ ಮನೆಗೆ ತಂದಿದ್ದರು. ಶಾಲೆ ಮತ್ತೆ ಎದ್ದಿದೆ, ಬಾವುಟವನ್ನು ಮತ್ತೆ ಹಾಕಬೇಕು, ಹೊಸ ಕಾರ್ಡು ಬರೆಸುತ್ತೇನೆ. ನನ್ನ ಸುಳ್ಳಿನ ಬಗ್ಗೆ ಒಂದೇ ಸಾಲು ಇತ್ತು: ಅಮ್ಮನಿಗೆ ಇದು ತಿಳಿದಿದ್ದರೆ ನಿಮ್ಮನ್ನು ತರಗತಿಯಲ್ಲಿ ಎದ್ದು ನಿಲ್ಲಿಸುತ್ತಿದ್ದರು. ಕೊನೆಗೆ ಒಂದು ಪ್ರಶ್ನೆ. ಹದ್ದಿನ ಒಂದು ಉಗುರಿನ ದಾರ ಎದ್ದಿದೆ. ಅದನ್ನು ಕತ್ತರಿಸಬೇಕೋ, ಒಳಗೆ ಸೇರಿಸಬೇಕೋ? ಇಲ್ಲಿ ಯಾರಿಗೂ ಆ ಹೊಲಿಗೆ ಗೊತ್ತಿಲ್ಲ. ಹೊಲಿದವರನ್ನು ಕೇಳಿ ಹೇಳುವಿರಾ?

ಖತೀಜಮ್ಮನಿಗೆ ಫೋನ್ ಮಾಡಿ ಓದಿದೆ. ಟೀಚರ್ ಹೋದ ಸುದ್ದಿಯನ್ನು ಪಕ್ಕದಲ್ಲಿದ್ದ ಉಸ್ಮಾನಾಕನಿಗೆ ಹೇಳಿದರು. ಆಮೇಲೆ ಗಾಬರಿಯಿಂದ, "ಕತ್ತರಿಸ್ಲಿಕ್ಕೆ ಇಲ್ಲ ಅಂತ ಹೇಳಿ. ಕತ್ತರಿಸಿದ್ರೆ ಕಾಲು ಪೂರಾ ಬಿಚ್ಚಿಹೋಗ್ತದೆ. ಅದು ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ, ಮಾಡಿ ತೋರಿಸ್ಬೇಕು. ಶುಕ್ರವಾರ ಬನ್ನಿ," ಎಂದರು.

ಮೊನ್ನೆ ಶುಕ್ರವಾರ ಹೋಗಿದ್ದೆವು. ದಾರಿಯಲ್ಲಿ ಎಲ್ಲಿಯೂ ಕಾರು ನಿಲ್ಲಿಸಲು ಹೇಳಲಿಲ್ಲ ಎಂಬುದನ್ನು ಗಂಡ ಇಬ್ರಿ ತಲುಪಿದ ಮೇಲೆ ನೆನಪಿಸಿದರು. ಖತೀಜಮ್ಮ ಅಳಿಯನ ಅಂಗಡಿಯಿಂದ ಹಳದಿ ದಾರ ತರಿಸಿ, ಒಂದು ತುಂಡು ಬಿಳಿ ಬಟ್ಟೆಯನ್ನು ಮಂಡಿಯ ಮೇಲೆ ಹಾಕಿಕೊಂಡು ಕೂತಿದ್ದರು. ನಮಗೆ ಸಂಜೆ ಆರು, ದ್ವೀಪದಲ್ಲಿ ಬೆಳಿಗ್ಗೆ ಹತ್ತು. ವಿಡಿಯೋದಲ್ಲಿ ಟೀಚರರ ಮಗಳು ಕಂಡರು. ಪಕ್ಕದಲ್ಲಿ ಇನ್ನೂ ಮೂರು ನಾಲ್ಕು ಹೆಂಗಸರು, ಮೇಜಿನ ಮೇಲೆ ಹದ್ದು. ನಾನು ಫೋನ್ ಹಿಡಿದು ಇಂಗ್ಲಿಷಿಗೆ ತಿರುಗಿಸಿ ಹೇಳುವವಳು. ಮೊದಲು ಪರಿಚಯ ಮಾಡಿಸಬೇಕೆಂದು ಫೋನನ್ನು ಖತೀಜಮ್ಮನ ಮುಖಕ್ಕೆ ಹಿಡಿದೆ. "ಇದನ್ನು ಹೊಲಿದವರು ಇವರು," ಎಂದೆ. ಆ ಕಡೆಯ ಹೆಂಗಸರೆಲ್ಲ ಒಟ್ಟಿಗೆ ಕೈಬೀಸಿದರು.

ಖತೀಜಮ್ಮ ತಲೆಯೆತ್ತಲಿಲ್ಲ. ಮೂರನೆಯ ಪ್ರಯತ್ನಕ್ಕೆ ದಾರ ಸೂಜಿಯೊಳಗೆ ಹೋಯಿತು.

"ಫೋನ್ ಕೆಳಗೆ ಹಿಡೀರಿ ಅಕ್ಕ," ಎಂದರು. "ಮುಖ ಎಂತಕೆ? ಕೈ ಕಾಣ್ಲಿ."

ನಾನು ಅವರ ಪಕ್ಕ ಚಾಪೆಯ ಮೇಲೆ ಕೂತು ಫೋನನ್ನು ಕೆಳಗೆ ಹಿಡಿದೆ. ಮುಗಿಯಲು ಒಂದು ಗಂಟೆಯ ಮೇಲಾಯಿತು. ನಡುವೆ ನಾನು ಏಳಲಿಲ್ಲ.